ದೋಣಿ ಎಳೆಯಲು ಸೆಕೆಂಡ್ ಹ್ಯಾಂಡ್ ವಾಹನ: ಈ ಮೂರರಲ್ಲಿ ಯಾವುದು?

ದೋಣಿಗ:

ಎಲ್ಲರಿಗೂ ನಮಸ್ಕಾರ. ಸುಮಾರು ಆರು ಮೀಟರ್ ಉದ್ದದ ಹಳೆಯ ಫೈಬರ್‌ಗ್ಲಾಸ್ ದೋಣಿಯೊಂದನ್ನು ಎರಡು ಆಕ್ಸಲ್‌ಗಳ ಟ್ರೈಲರ್ ಸಮೇತ ಕೊಂಡಿದ್ದೇನೆ. ಎಳೆಯುವ ವಾಹನ ಮಾತ್ರ ಇನ್ನೂ ಇಲ್ಲ. ಹೊಸದನ್ನು ಕೊಳ್ಳುವ ಶಕ್ತಿ ಇಲ್ಲದ ಕಾರಣ ಸೆಕೆಂಡ್ ಹ್ಯಾಂಡ್‌ನಲ್ಲಿ ಮೂರನ್ನು ನೋಡಿಟ್ಟುಕೊಂಡಿದ್ದೇನೆ.

ಮೊದಲನೆಯದು ಏಳು ಸೀಟಿನ, ಮೊನೊಕಾಕ್ (ಪ್ರತ್ಯೇಕ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲದ) ದೇಹದ ಪೆಟ್ರೋಲ್ ಎಸ್‌ಯುವಿ. 90,000 ಕಿ.ಮೀ. ಓಡಿದೆ, ಎಳೆಯುವ ಮಿತಿ 2270 ಕೆ.ಜಿ. ಎಂದು ಕೈಪಿಡಿಯಲ್ಲಿದೆ. ಎರಡನೆಯದು ಚಾಸಿಯ ಮೇಲೆ ಕಟ್ಟಿದ ಡೀಸೆಲ್ ಎಸ್‌ಯುವಿ, 2,10,000 ಕಿ.ಮೀ. ಓಡಿದೆ, ಮಿತಿ 3000 ಕೆ.ಜಿ. ಮೂರನೆಯದು ಡಬಲ್ ಕ್ಯಾಬ್ ಪಿಕಪ್, 1,40,000 ಕಿ.ಮೀ., ಮಿತಿ 3500 ಕೆ.ಜಿ. ಇದರ ಮಾಲೀಕರು ಸ್ವತಃ ದೋಣಿ ಎಳೆಯುತ್ತಿದ್ದವರಾದ್ದರಿಂದ ಹಿಚ್ (ಟ್ರೈಲರನ್ನು ವಾಹನಕ್ಕೆ ಜೋಡಿಸುವ ಕೊಂಡಿ), ವೈರಿಂಗ್ ಎಲ್ಲವೂ ಸಿದ್ಧವಾಗಿವೆ. ಮೂರೂ ಆಟೋಮ್ಯಾಟಿಕ್. ಮನೆಯಲ್ಲಿ ನಾವು ಐದು ಜನ. ನನ್ನ ಮನಸ್ಸು ಮೂರನೆಯದರ ಕಡೆಗೆ ವಾಲಿದೆ, ಏಕೆಂದರೆ ಅಂಕಿಯೂ ದೊಡ್ಡದು, ಕೆಲಸವೂ ಕಡಿಮೆ. ದೋಣಿಯ ತೂಕ ತಯಾರಕರ ಕರಪತ್ರದ ಪ್ರಕಾರ 1000 ಕೆ.ಜಿ. ಆಗಿರುವುದರಿಂದ ಮೂರೂ ಸಾಕಾಗಬಹುದು ಎಂದುಕೊಂಡಿದ್ದೇನೆ. ತಿಳಿದವರು ಸಲಹೆ ನೀಡಬೇಕೆಂದು ವಿನಂತಿ.

ಲೆಕ್ಕಿಗ:

ದೋಣಿಗರೇ, ವಾಹನದ ಮಾತನ್ನು ಸ್ವಲ್ಪ ಬದಿಗಿಟ್ಟು ಮೊದಲು ದೋಣಿಯ ತೂಕವನ್ನು ಸರಿಯಾಗಿ ಹಿಡಿಯೋಣ. ಕರಪತ್ರದಲ್ಲಿ ಬರೆಯುವ ತೂಕ ಬಹಳಷ್ಟು ಸಲ ಬರಿಯ ಒಡಲಿನದು. ಎಂಜಿನ್, ಇಂಧನ, ಬ್ಯಾಟರಿ, ಲಂಗರು, ಸರಪಳಿ ಯಾವುದೂ ಅದರಲ್ಲಿ ಸೇರಿರುವುದಿಲ್ಲ, ಟ್ರೈಲರ್ ಅಂತೂ ಸೇರಿರುವುದೇ ಇಲ್ಲ. 150 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂತುದಿಗೆ ಹೊರಗಿನಿಂದ ಕಟ್ಟುವ) ಎಂಜಿನ್ ಒಂದೇ 210 ಕೆ.ಜಿ. ಆಸುಪಾಸಿನಲ್ಲಿರುತ್ತದೆ. ಪೆಟ್ರೋಲ್ ಲೀಟರಿಗೆ ಸುಮಾರು ಮುಕ್ಕಾಲು ಕೆ.ಜಿ. ತೂಗುವುದರಿಂದ 200 ಲೀಟರ್ ಟ್ಯಾಂಕ್ ತುಂಬಿಸಿದರೆ 150 ಕೆ.ಜಿ. ಎರಡು ಬ್ಯಾಟರಿಗಳಿಗೆ 50, ಲಂಗರು, ಹಗ್ಗ, ಲೈಫ್ ಜಾಕೆಟ್, ಇತರ ಸಾಮಾನುಗಳಿಗೆ 100, ಎರಡು ಆಕ್ಸಲ್‌ಗಳ ಟ್ರೈಲರಿಗೆ 450 ಎಂದು ಹಿಡಿಯಿರಿ. ನಿಮ್ಮ ಒಂದು ಸಾವಿರ ಈಗ 1960 ಕೆ.ಜಿ. ಆಯಿತು, ಅಂದರೆ ಹೆಚ್ಚುಕಡಿಮೆ ದುಪ್ಪಟ್ಟು.

ಇದು ಕಾಗದದ ಲೆಕ್ಕ ಮಾತ್ರ. ಹಳೆಯ ದೋಣಿಗಳ ತಳದಲ್ಲಿ ತೇಲಲು ತುಂಬಿರುವ ಫೋಮ್ ವರ್ಷಗಳು ಕಳೆದಂತೆ ನೀರು ಕುಡಿದು ಭಾರವಾಗುತ್ತದೆ. ಹೊರಗಿನಿಂದ ಅದು ಕಾಣಿಸುವುದಿಲ್ಲ. ಆದ್ದರಿಂದ ಯಾರ ಬಳಿಯಾದರೂ ವಾಹನವನ್ನು ಎರವಲು ಪಡೆದು, ಟ್ಯಾಂಕ್ ತುಂಬಿಸಿ, ಸಾಮಾನುಗಳನ್ನೆಲ್ಲ ಹೇರಿ, ಟ್ರೈಲರನ್ನು ಒಮ್ಮೆ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ಬನ್ನಿ. ಮಿತಿಯ ಶೇ. 80ರ ಒಳಗೆ ಇರಬೇಕು ಎಂಬುದು ಕಾನೂನಲ್ಲ, ಅನುಭವಸ್ಥರ ಪಾಠ. ನಾನಂತೂ ಅದನ್ನು ಮೀರುವುದಿಲ್ಲ. 1960 ನಿಜವೇ ಆಗಿದ್ದರೂ ನಿಮಗೆ ಬೇಕಾದದ್ದು 2450 ಕೆ.ಜಿ. ಮಿತಿಯ ವಾಹನ.

ಇನ್ನೊಂದು ಲೆಕ್ಕವನ್ನು ಬಹುತೇಕರು ಮರೆಯುತ್ತಾರೆ. ಟ್ರೈಲರಿನ ಮೂತಿ ಹಿಚ್ ಮೇಲೆ ಒತ್ತುವ ಭಾರ ದೋಣಿಯ ಟ್ರೈಲರುಗಳಲ್ಲಿ ಒಟ್ಟು ತೂಕದ ಶೇ. 5ರಿಂದ 10 ಇರಬೇಕು. ಶೇ. 7 ಎಂದರೆ ನಿಮ್ಮದು 137 ಕೆ.ಜಿ. ಈ ಭಾರ ಟ್ರೈಲರಿನ ಖಾತೆಗೆ ಹೋಗುವುದಿಲ್ಲ, ವಾಹನ ಹೊರಬಹುದಾದ ಹೊರೆಯ ಖಾತೆಗೆ ಹೋಗುತ್ತದೆ. ನಿಮ್ಮ ಮೊದಲನೆಯ ವಾಹನದಂಥವುಗಳಲ್ಲಿ ಆ ಹೊರೆಯ ಮಿತಿ 560 ಕೆ.ಜಿ. ಎಂದುಕೊಳ್ಳೋಣ, ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ ನಿಜವಾದ ಅಂಕಿ ಇರುತ್ತದೆ. ಐವರು 340, ಸಾಮಾನು 60, ಹಿಚ್ 25, ಮೂತಿಯ ಭಾರ 137. ಕೂಡಿಸಿದರೆ 562. ಎಳೆಯುವ ಮಿತಿಯಲ್ಲಿ ಇನ್ನೂ 300 ಕೆ.ಜಿ. ಉಳಿದಿರುವಾಗಲೇ ಹೊರುವ ಮಿತಿ ಮುಗಿದುಹೋಗಿದೆ. ಹಿಂಭಾಗ ಕುಸಿದು, ಮುಂದಿನ ಚಕ್ರಗಳು ಹಗುರಾಗಿ, ಸ್ಟಿಯರಿಂಗ್ ತೇಲಿದಂತಾಗುವುದು ಇಲ್ಲಿಂದಲೇ.

ಹಿಂದಿನಸೀಟು:

ಎಲ್ಲರ ಕ್ಷಮೆ ಕೋರಿ ಒಂದು ಬೇರೆ ಮಾತು. ವರ್ಷದಲ್ಲಿ ಎಷ್ಟು ಸಲ ಎಳೆಯುತ್ತೀರಿ? ಮೂರು ನಾಲ್ಕು ಸಲವಾದರೆ ದೋಣಿಯನ್ನು ನೀರಿನ ಬಳಿಯೇ ನಿಲುಗಡೆಗೆ ಬಿಟ್ಟು, ಋತುವಿನ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಬಾಡಿಗೆ ವಾಹನದಿಂದ ಸಾಗಿಸುವುದು ಮೇಲು. ಉಳಿದ ದಿನಗಳಲ್ಲಿ ಎರಡು ಟನ್ನಿನ ವಾಹನವನ್ನು ತರಕಾರಿ ತರಲು ಓಡಿಸುವ ಹಣೆಬರಹ ಏಕೆ?

ದೋಣಿಗ:

ಹಿಂದಿನಸೀಟು ಅವರೇ, ತಿಂಗಳಿಗೆ ಎರಡು ಸಲವಾದರೂ ಬೇರೆ ಬೇರೆ ನೀರಿಗೆ ಒಯ್ಯುವ ಆಸೆ ಇದೆ, ಆದ್ದರಿಂದ ವಾಹನ ಬೇಕೇ ಬೇಕು. ಲೆಕ್ಕಿಗರೇ, ನಿಮ್ಮ ಲೆಕ್ಕ ನೋಡಿ ಗಾಬರಿಯಾಯಿತು. ಈ ವಾರವೇ ತೂಕ ಮಾಡಿಸುತ್ತೇನೆ. ಹಾಗಿದ್ದರೆ 3500 ಕೆ.ಜಿ.ಯ ಪಿಕಪ್ ಅನ್ನು ಕಣ್ಣುಮುಚ್ಚಿ ಕೊಳ್ಳಬಹುದೇ?

ಗ್ರೀಸ್‌ಕೈ:

ಕಣ್ಣುಮುಚ್ಚಿ ಕೊಳ್ಳಬಾರದ ವಾಹನ ಯಾವುದಾದರೂ ಇದ್ದರೆ ಅದು ದೋಣಿ ಎಳೆದ ವಾಹನ. 3500 ಎಂಬುದು ಅದು ಹೊಸದಾಗಿದ್ದಾಗಿನ ಅಂಕಿ. ಈಗ ಅದರಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಕೆಳಗೆ ಮಲಗಿಯೇ ನೋಡಬೇಕು.

ದೋಣಿ ಎಳೆಯುವ ವಾಹನಕ್ಕೂ ಬೇರೆ ಟ್ರೈಲರ್ ಎಳೆಯುವ ವಾಹನಕ್ಕೂ ಒಂದು ವ್ಯತ್ಯಾಸವಿದೆ. ಇದು ನೂರಾರು ಕಿಲೋಮೀಟರ್ ಓಡಿ, ಮೈಯೆಲ್ಲ ಕಾದಿರುವಾಗಲೇ ಹಿಮ್ಮುಖವಾಗಿ ನೀರಿಗಿಳಿಯುತ್ತದೆ. ಹಿಂದಿನ ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ. ಆಕ್ಸಲ್ ತಣ್ಣೀರಿನಲ್ಲಿ ಮುಳುಗಿದ ಕ್ಷಣ ಆ ಗಾಳಿ ಕುಗ್ಗಿ ಒಳಗೆ ಹೀರುವ ಒತ್ತಡ ಉಂಟಾಗುತ್ತದೆ, ಬ್ರೀದರ್ (ಅದರ ಗಾಳಿಯಾಡುವ ರಂಧ್ರ) ಕಟ್ಟಿಕೊಂಡಿದ್ದರೆ ಅಥವಾ ಅದೂ ನೀರಿನೊಳಗಿದ್ದರೆ ಸೀಲ್‌ಗಳ ಅಂಚಿನಿಂದ ನೀರು ಒಳನುಗ್ಗುತ್ತದೆ. ನೀರು ಬೆರೆತ ಗೇರ್ ಎಣ್ಣೆ ಹಾಲು ಸುರಿದಂತೆ ಬಿಳಿಚಿಕೊಂಡು ನೊರೆಯಾಗುತ್ತದೆ. ಆಮೇಲೆ ಬೇರಿಂಗುಗಳು ಬಹಳ ದಿನ ಬಾಳುವುದಿಲ್ಲ. ಇದನ್ನು ನೋಡಲು ಎರಡೇ ನಿಮಿಷ ಸಾಕು: ಡಿಫರೆನ್ಶಿಯಲ್‌ನ ಭರ್ತಿ ಬೋಲ್ಟ್ ಬಿಚ್ಚಿ, ಕಿರುಬೆರಳನ್ನು ಒಳಗೆ ಹಾಕಿ ಎಣ್ಣೆಯನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ಮಾರುವವರು ಬೋಲ್ಟ್ ಬಿಚ್ಚಲು ಒಪ್ಪದಿದ್ದರೆ ಉತ್ತರ ಸಿಕ್ಕಂತೆಯೇ.

ಉಪ್ಪುನೀರಿನಲ್ಲಿ ಇಳಿದ ವಾಹನದ ತುಕ್ಕಿಗೆ ಒಂದು ನಕ್ಷೆ ಇರುತ್ತದೆ. ಮುಂಭಾಗ ಹೊಚ್ಚ ಹೊಸದರಂತಿದ್ದು, ಹಿಂದಿನ ಚಕ್ರಗಳಿಂದಾಚೆಗೆ ಮಾತ್ರ ತುಕ್ಕು ಹಿಡಿದಿರುತ್ತದೆ. ಲೀಫ್ ಸ್ಪ್ರಿಂಗ್ ತೂಗುಹಾಕಿರುವ ಕೊಂಡಿಗಳು, ಹ್ಯಾಂಡ್ ಬ್ರೇಕ್ ಕೇಬಲ್, ಬ್ರೇಕ್ ಕೊಳವೆಗಳು, ಸೈಲೆನ್ಸರಿನ ಬಾಲ, ಚಾಸಿಯ ಒಳಗೋಡೆ, ಹಿಚ್‌ನ ಚೌಕಾಕಾರದ ಕೊಳವೆಯ ಒಳಭಾಗ, ಇಷ್ಟನ್ನು ಟಾರ್ಚ್ ಹಿಡಿದು ನೋಡಿ, ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಡಬ್ಬದಂತೆ ಮಂಕಾಗಿ ಸದ್ದು ಮಾಡಿ ಪದರ ಉದುರಿಸುತ್ತದೆ. ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಇನ್ನೂ ಎರಡು ಪಟ್ಟು ಅನುಮಾನಪಡಿ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಬಿಸಿಯೇ ಶತ್ರು. ಎಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಜಾರುತ್ತ ಭಾರ ಎಳೆಯುವಾಗ ಶಕ್ತಿಯ ಒಂದು ಪಾಲು ನೇರವಾಗಿ ಎಣ್ಣೆಯನ್ನು ಕಾಯಿಸಲು ಹೋಗುತ್ತದೆ. ಅಳತೆ ಕಡ್ಡಿ ಇರುವ ವಾಹನವಾದರೆ ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಡಿ. ಕೆಂಪಾಗಿ ತಿಳಿಯಾಗಿದ್ದರೆ ನೆಮ್ಮದಿ. ಕಂದು ಬಣ್ಣಕ್ಕೆ ತಿರುಗಿದ್ದರೂ ಸುಟ್ಟ ವಾಸನೆ ಇಲ್ಲದಿದ್ದರೆ ಮಾತಾಡಬಹುದು. ಕಪ್ಪಾಗಿ ಸುಟ್ಟು ನಾರುತ್ತಿದ್ದರೆ ನಮಸ್ಕಾರ ಹೇಳಿ ಬನ್ನಿ. ಗುಲಾಬಿ ಬಣ್ಣದ ನೊರೆ ಕಂಡರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲಂಟ್ ಗೇರ್‌ಬಾಕ್ಸಿಗೆ ಸೇರಿದೆ ಎಂದರ್ಥ. ಇತ್ತೀಚಿನ ಹಲವು ವಾಹನಗಳಲ್ಲಿ ಕಡ್ಡಿಯೇ ಇಲ್ಲ, 'ಜೀವಮಾನದ ಎಣ್ಣೆ' ಎಂದು ಹೇಳಿಬಿಡುತ್ತಾರೆ. ಯಾರ ಜೀವಮಾನ ಎಂದು ಮಾತ್ರ ಹೇಳುವುದಿಲ್ಲ. ಭಾರ ಎಳೆಯುವ ವಾಹನದಲ್ಲಿ ಆ ಎಣ್ಣೆಯನ್ನು ಬದಲಿಸಲೇಬೇಕು, ಬದಲಿಸಿದ ರಸೀದಿಯನ್ನು ಕೇಳಿ.

ಎಂದೂ ಏನನ್ನೂ ಎಳೆದಿಲ್ಲ ಎಂಬ ಮಾತನ್ನೂ ನಂಬಬೇಡಿ. ಒಮ್ಮೆ ನಾನು ನೋಡಲು ಹೋದ ವಾಹನದಲ್ಲಿ ಹಿಚ್ ಇರಲಿಲ್ಲ, ಮಾಲೀಕರು ದೇವರಾಣೆ ಹಾಕಿದರು. ಚಾಸಿಯ ಹಿಂತುದಿಯಲ್ಲಿ ಸುತ್ತಲೂ ಧೂಳು, ತುಕ್ಕು. ಅದರ ನಡುವೆ ರೂಪಾಯಿ ಅಗಲದ ಆರು ಉಂಗುರಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಬೋಲ್ಟ್ ತಲೆಗಳು ಹಿಂದಿನ ದಿನದವರೆಗೂ ಅಲ್ಲಿಯೇ ಇದ್ದವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಎಳೆದದ್ದು ತಪ್ಪಲ್ಲ, ಆದರೆ ಅದನ್ನು ಬಚ್ಚಿಟ್ಟವರು ಇನ್ನೇನನ್ನು ಬಚ್ಚಿಟ್ಟಿರಬಹುದು ಎಂಬ ಪ್ರಶ್ನೆ ಏಳುತ್ತದೆ.

ಇಳಿಜಾರು:

ಗ್ರೀಸ್‌ಕೈ ಅವರ ಮಾತಿಗೆ ನನ್ನದೊಂದು ಸೇರ್ಪಡೆ. ರಸ್ತೆಯಲ್ಲಿ ಎಳೆಯುವುದು ಒಂದು ಪರೀಕ್ಷೆಯಾದರೆ ಪಾಚಿ ಹಿಡಿದ ರ‍್ಯಾಂಪ್‌ನಿಂದ ಒದ್ದೆ ದೋಣಿಯನ್ನು ಮೇಲೆಳೆಯುವುದು ಇನ್ನೊಂದು. ಇಳಿಜಾರಿನಲ್ಲಿ ಮೂತಿ ಮೇಲೆ ಮಾಡಿ ನಿಂತ ವಾಹನದ ಭಾರವೆಲ್ಲ ಹಿಂದಕ್ಕೆ ಸರಿಯುತ್ತದೆ, ಟ್ರೈಲರಿನ ಮೂತಿಯೂ ಹಿಂಭಾಗವನ್ನೇ ಒತ್ತುತ್ತದೆ. ಹಿಂಚಕ್ರ ಚಾಲನೆಗೆ ಇದು ಲಾಭ, ಮುಂಚಕ್ರ ಚಾಲನೆಗೆ ನಷ್ಟ. ಆದರೆ ರ‍್ಯಾಂಪ್‌ನ ಅತಿ ಜಾರುವ ಭಾಗ ನೀರಿನಂಚಿನದು, ಹಿಂದಿನ ಚಕ್ರಗಳು ನಿಲ್ಲುವುದೂ ಅಲ್ಲೇ. ಹೀಗಾಗಿ ನಾಲ್ಕು ಚಕ್ರ ಚಾಲನೆ, ಸಾಧ್ಯವಾದರೆ ಲೋ ರೇಂಜ್ (ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಗೇರ್) ಇದ್ದರೆ ಕ್ಲಚ್ಚಿಗಾಗಲಿ ಕನ್ವರ್ಟರಿಗಾಗಲಿ ನೋವಾಗದಂತೆ ನಡಿಗೆಯ ವೇಗದಲ್ಲಿ ಮೇಲೆ ಬರಬಹುದು. ನಿಮ್ಮ ಮೊದಲನೆಯ ವಾಹನದಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳೇ ಎಳೆಯುತ್ತವೆ, ಅವು ಜಾರಿದ ಮೇಲೆ ಹಿಂದಿನವಕ್ಕೆ ಶಕ್ತಿ ಹೋಗುತ್ತದೆ. ಅದು ಕೆಲಸ ಮಾಡುವುದಿಲ್ಲವೆಂದಲ್ಲ, ಆದರೆ ಕಡಿದಾದ ರ‍್ಯಾಂಪ್‌ನಲ್ಲಿ ಆ ಅರೆಕ್ಷಣದ ಜಾರುವಿಕೆ ನನಗೆ ಇಷ್ಟವಿಲ್ಲ.

ಹ್ಯಾಂಡ್ ಬ್ರೇಕನ್ನು ಇಳಿಜಾರಿನಲ್ಲಿಯೇ ಪರೀಕ್ಷಿಸಿ. ಸಮತಟ್ಟಾದ ಅಂಗಳದಲ್ಲಿ ಎಲ್ಲ ಹ್ಯಾಂಡ್ ಬ್ರೇಕ್‌ಗಳೂ ಒಳ್ಳೆಯವೇ. ಮೊದಲು ಹ್ಯಾಂಡ್ ಬ್ರೇಕ್ ಎಳೆದು, ವಾಹನ ಅದರ ಮೇಲೆ ನಿಂತ ನಂತರವೇ ಪಾರ್ಕ್‌ಗೆ ಹಾಕಬೇಕು. ಇಲ್ಲದಿದ್ದರೆ ಗೇರ್‌ಬಾಕ್ಸಿನೊಳಗಿನ ಒಂದು ಪುಟ್ಟ ಹಲ್ಲಿನ ಮೇಲೆ ನಾಲ್ಕು ಟನ್ ತೂಗಿಬೀಳುತ್ತದೆ.

ನಿಧಾನಗಾಮಿ:

ನನ್ನದು ನಾಲ್ಕು ಮೀಟರಿನ ಅಲ್ಯೂಮಿನಿಯಂ ದೋಣಿ, ಟ್ರೈಲರ್ ಸೇರಿ 350 ಕೆ.ಜಿ. ಸಾಧಾರಣ ಕಾರಿನಲ್ಲೇ ವರ್ಷಗಳಿಂದ ಎಳೆಯುತ್ತಿದ್ದೇನೆ. ಇದನ್ನು ಓದುವ ಸಣ್ಣ ದೋಣಿಯವರು ಹೆದರಿ ಪಿಕಪ್ ಕೊಳ್ಳುವುದು ಬೇಡ. ಒಂದು ಸಂದೇಹ: ಒಂದೇ ಮಾದರಿಯ ವಾಹನಕ್ಕೆ ಜಾಹೀರಾತುಗಳಲ್ಲಿ ಬೇರೆ ಬೇರೆ ಮಿತಿ ಬರೆದಿರುತ್ತಾರಲ್ಲ, ಅದು ಹೇಗೆ?

ಲೆಕ್ಕಿಗ:

ನಿಧಾನಗಾಮಿಯವರೇ, ಬರೆದವರೆಲ್ಲ ಸುಳ್ಳು ಹೇಳುತ್ತಾರೆಂದಲ್ಲ. ಅಂಕಿ ಮಾದರಿಗೆ ಸೇರಿದ್ದಲ್ಲ, ಆ ಒಂದು ವಾಹನಕ್ಕೆ ಸೇರಿದ್ದು. ಅಮೆರಿಕದ ಮಾರುಕಟ್ಟೆಯ ಮೂರನೆಯ ಪೀಳಿಗೆಯ ಹೋಂಡಾ ಪೈಲಟ್‌ಗೆ ಎರಡು ಚಕ್ರ ಚಾಲನೆಯಿದ್ದರೆ ಸುಮಾರು 1590 ಕೆ.ಜಿ., ನಾಲ್ಕು ಚಕ್ರ ಚಾಲನೆಯಿದ್ದರೆ 2270 ಕೆ.ಜಿ. ಅಲ್ಲಿನ ಹಿಂದಿನ ಪೀಳಿಗೆಯ ಜೀಪ್ ಗ್ರ್ಯಾಂಡ್ ಚೆರೊಕಿಯ ವಿ6 ಎಂಜಿನ್‌ಗೆ ಕಂಪನಿಯ ಟೋ ಪ್ಯಾಕೇಜ್ ಇದ್ದರೆ ಸುಮಾರು 2800, ಇಲ್ಲದಿದ್ದರೆ 1590. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಪ್ಯಾಕೇಜ್ ಎಂದರೆ ಬರಿಯ ಹಿಚ್ ಅಲ್ಲ. ವಾಹನಕ್ಕೆ ತಕ್ಕಂತೆ ಹೆಚ್ಚುವರಿ ಕೂಲರ್, ಬಲವಾದ ಸ್ಪ್ರಿಂಗ್, ವೈರಿಂಗ್, ಕೆಲವೊಮ್ಮೆ ಆಕ್ಸಲ್‌ನ ಗೇರ್ ಅನುಪಾತವೂ ಬದಲಾಗಿರುತ್ತದೆ. ಹೊರಗಿನ ಅಂಗಡಿಯಲ್ಲಿ 3500 ಎಂದು ಕೆತ್ತಿದ ಹಿಚ್ ಕಟ್ಟಿಸಿದರೆ ಹಿಚ್‌ಗೆ ಅಷ್ಟು ಶಕ್ತಿ ಬಂದೀತು, ವಾಹನಕ್ಕಲ್ಲ. ಹಿಚ್, ಅದರ ತುದಿಯ ಚೆಂಡು, ವಾಹನ, ಟೈರ್, ಇವುಗಳಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ಒಟ್ಟು ಮಿತಿ.

ವಾಹನದ ವರ್ಷಕ್ಕೂ ಅರ್ಥವಿದೆ. ಎಸ್‌ಎಇ ಜೆ2807 ಎಂಬ, ಎಳೆಯುವ ಮಿತಿಯನ್ನು ಅಳೆಯುವ ಮಾನದಂಡ ಬರುವ ಮುನ್ನ ಅಮೆರಿಕದಲ್ಲಿ ಪ್ರತಿ ತಯಾರಕರೂ ತಮ್ಮದೇ ವಿಧಾನದಲ್ಲಿ ಅಳೆದು ಅಂಕಿ ಪ್ರಕಟಿಸುತ್ತಿದ್ದರು. ಟೊಯೊಟಾ 2011ರ ಮಾದರಿಗಳಿಂದ ಅದನ್ನು ಮೊದಲು ಒಪ್ಪಿಕೊಂಡಿತು, ಆಗ ಅದರದೇ ಟಂಡ್ರಾ ಪಿಕಪ್‌ನ ಅಂಕಿಗಳು ಇಳಿದವು. ಆ ಪರೀಕ್ಷೆಯ ಒಂದು ಭಾಗ ಅರಿಜೋನಾದ ಡೇವಿಸ್ ಡ್ಯಾಮ್ ಏರು: ಸುಮಾರು 18 ಕಿ.ಮೀ. ಉದ್ದದ ಏರನ್ನು ಸುಡುಬಿಸಿಲಿನಲ್ಲಿ, ಎಸಿ ಹಾಕಿಕೊಂಡು, ಗಂಟೆಗೆ 64 ಕಿ.ಮೀ.ಗಿಂತ ಕೆಳಗಿಳಿಯದೆ ಹತ್ತಬೇಕು. ಅದಕ್ಕಿಂತ ಹಳೆಯ ವಾಹನದ ಅಂಕಿಯನ್ನು ನಾನು ಇನ್ನಷ್ಟು ಕಡಿತ ಮಾಡಿಯೇ ಓದುತ್ತೇನೆ. ಬೆಟ್ಟದ ದಾರಿಯವರಾದರೆ ಇನ್ನೊಂದು: ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ.

ಟ್ರೈಲರಿನ ಬ್ರೇಕ್ ಬಗ್ಗೆ ಯಾರೂ ಹೇಳಲಿಲ್ಲ. ಯುರೋಪಿನಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ 750 ಕೆ.ಜಿ. ಮೀರಿದ ಟ್ರೈಲರಿಗೆ ತನ್ನದೇ ಬ್ರೇಕ್ ಕಡ್ಡಾಯ; ಬೇರೆ ಕಡೆಯ ನಿಯಮವನ್ನು ಅಲ್ಲಲ್ಲಿಯೇ ವಿಚಾರಿಸಿ. ಎರಡು ಟನ್ನಿನ ದೋಣಿಯನ್ನು ವಾಹನದ ಬ್ರೇಕ್ ಒಂದರಿಂದಲೇ ನಿಲ್ಲಿಸುವ ಯೋಚನೆ ಯಾರಿಗೂ ಬರಬಾರದು.

ದೋಣಿಗ:

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆ ಇರಲಿ. ಸ್ನೇಹಿತರೊಬ್ಬರ ವಾಹನದಿಂದ ಎಳೆದೊಯ್ದು ತೂಗಿಸಿದೆ: 2140 ಕೆ.ಜಿ. ಲೆಕ್ಕಿಗರ ಅಂದಾಜಿಗಿಂತ 180 ಹೆಚ್ಚು. ತಳದ ಮುಚ್ಚಳ ತೆಗೆದು ಫೋಮನ್ನು ಅದುಮಿದಾಗ ಬೆರಳುಗಳ ಸಂದಿನಿಂದ ನೀರು ಜಿನುಗಿತು. ಮೂತಿಯ ಭಾರವನ್ನು ಮನೆಯ ತೂಕದ ಯಂತ್ರದ ಮೇಲೆ, ಹಿಚ್‌ನ ಎತ್ತರಕ್ಕೆ ಸರಿಯಾಗಿ ಮರದ ತುಂಡು ನಿಲ್ಲಿಸಿ ಅಳೆದೆ. 95 ಕೆ.ಜಿ. ಬಂತು, ಅಂದರೆ ಶೇ. 4.4 ಮಾತ್ರ. ಬರುವಾಗ ವೇಗ ಹೆಚ್ಚಿಸಿದಾಗಲೆಲ್ಲ ಟ್ರೈಲರ್ ಬಾಲ ಅಲ್ಲಾಡಿಸುತ್ತಿದ್ದ ಕಾರಣ ಆಗ ಅರ್ಥವಾಯಿತು. ವಿಂಚ್ ಕಂಬವನ್ನು (ಟ್ರೈಲರಿನ ಮುಂಭಾಗದಲ್ಲಿ ದೋಣಿಯ ಮೂತಿ ತಾಗಿ ನಿಲ್ಲುವ ಕಂಬ) 12 ಸೆಂಟಿಮೀಟರ್ ಮುಂದೆ ಸರಿಸಿ ದೋಣಿಯನ್ನು ಮುಂದಕ್ಕೆ ಕೂರಿಸಿದ ಮೇಲೆ 138 ಬಂತು, ಅಲ್ಲಾಟ ನಿಂತಿತು.

2140 ಎಂದ ಮೇಲೆ 2270ರ ಮೊದಲನೆಯ ವಾಹನವನ್ನು ಕೈಬಿಟ್ಟೆ. ಪಿಕಪ್‌ನ ಮಾಲೀಕರು ಸಜ್ಜನರು, ಬೋಲ್ಟ್ ಬಿಚ್ಚಲು ತಾವೇ ಸ್ಪ್ಯಾನರ್ ಕೊಟ್ಟರು. ಬೆರಳಿಗೆ ಬಂದದ್ದು ಬಿಳಿಚಿಕೊಂಡ ನೊರೆ. ಅವರ ಮುಖ ನೋಡಿದರೆ ಅವರಿಗೂ ಅದು ಗೊತ್ತಿರಲಿಲ್ಲ ಎನಿಸಿತು. ಎಡಗಡೆಯ ಸ್ಪ್ರಿಂಗ್ ಕೊಂಡಿಯನ್ನು ತಟ್ಟಿದಾಗ ಅಂಗೈಯಗಲದ ಪದರವೇ ಕೆಳಗೆ ಬಿತ್ತು.

ಕೊನೆಗೆ 2,10,000 ಕಿ.ಮೀ. ಓಡಿದ ಡೀಸೆಲ್ ಅನ್ನೇ ಕೊಂಡೆ. ಡಿಫರೆನ್ಶಿಯಲ್ ಎಣ್ಣೆ ಹಳೆಯದಾದರೂ ತಿಳಿಯಾಗಿತ್ತು, ಗೇರ್‌ಬಾಕ್ಸ್ ಎಣ್ಣೆ ಕಂದು ಬಣ್ಣದ್ದು, ಸುಟ್ಟ ವಾಸನೆ ಇರಲಿಲ್ಲ. ಅದನ್ನು ಎರಡು ಸಲ ಬದಲಿಸಿದ ರಸೀದಿಗಳನ್ನು ಕೊಟ್ಟರು. ಹೊರುವ ಮಿತಿ ಚೀಟಿಯ ಪ್ರಕಾರ 640 ಕೆ.ಜಿ. ಕೊರತೆಗಳೂ ಇವೆ: ಹಿಂದಿನ ಸ್ಪ್ರಿಂಗ್‌ಗಳು ಕುಸಿದಿವೆ, ಟೈರ್‌ಗಳ ಮೇಲೆ 1416 ಎಂದಿದೆ, ಅಂದರೆ 2016ರ 14ನೆಯ ವಾರದವು. ಎರಡನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಡಿತ ಮಾಡಿಸಿಕೊಂಡೆ.

ಗ್ರೀಸ್‌ಕೈ:

ಒಳ್ಳೆಯ ಆಯ್ಕೆ. ಮೊದಲ ಪ್ರಯಾಣಕ್ಕೆ ಮುಂಚೆ ಹಿಂದಿನ ಡಿಫರೆನ್ಶಿಯಲ್ ಬ್ರೀದರ್‌ಗೆ ರಬ್ಬರ್ ಕೊಳವೆ ಜೋಡಿಸಿ ಟೈಲ್ ಲೈಟಿನ ಎತ್ತರಕ್ಕೆ ಒಯ್ದು ಕಟ್ಟಿಬಿಡಿ. ಹೊರಟು 20 ಕಿ.ಮೀ. ಆದ ಮೇಲೆ ನಿಲ್ಲಿಸಿ ಟ್ರೈಲರಿನ ನಾಲ್ಕೂ ಹಬ್‌ಗಳ (ಚಕ್ರಗಳ ನಡುಭಾಗದ) ಹತ್ತಿರಕ್ಕೆ ಅಂಗೈ ಒಯ್ದು ನೋಡಿ. ಎಲ್ಲವೂ ಒಂದೇ ಸಮ ಬೆಚ್ಚಗಿದ್ದರೆ ಮುಂದುವರಿಯಿರಿ. ಒಂದು ಮಾತ್ರ ಕೈ ಇಡಲಾಗದಷ್ಟು ಕಾದಿದ್ದರೆ ಆ ಕಡೆಯ ಬೇರಿಂಗ್ ಅಥವಾ ಬ್ರೇಕ್ ಬಿಚ್ಚಿ ನೋಡದೆ ಮುಂದೆ ಹೋಗಬೇಡಿ. ರ‍್ಯಾಂಪ್ ತಲುಪಿದ ಕೂಡಲೇ ನೀರಿಗಿಳಿಸಬೇಡಿ. ಲೈಟಿನ ಪ್ಲಗ್ ಕಳಚಿ, ಪಟ್ಟಿ ಬಿಚ್ಚಿ, ಸಾಮಾನು ಹೇರುತ್ತ ಅರ್ಧ ಗಂಟೆ ಕಳೆಯಿರಿ, ಅಷ್ಟರಲ್ಲಿ ಹಬ್‌ಗಳೂ ಆಕ್ಸಲೂ ತಣಿದಿರುತ್ತವೆ.

ದೋಣಿಗ:

ಕೊಳವೆ ನಾಳೆಯೇ ಹಾಕಿಸುತ್ತೇನೆ. ಫೋಮ್ ಒಣಗಿಸುವುದೋ, ಕಿತ್ತು ಹೊಸದನ್ನು ತುಂಬಿಸುವುದೋ ಎಂಬ ಪ್ರಶ್ನೆಯನ್ನು ಪ್ರತ್ಯೇಕವಾಗಿ ಕೇಳುತ್ತೇನೆ.